ಹೊಟ್ಟೆಯಿಂದ ಹೊಲಿದ ಕೌದಿ

ಆಳಂದದ ಹಳೇ ಓಣಿಯಲ್ಲಿ ಶಮ್ಸುನ್ನಿಸಾಳ ಹೆಸರು ಎತ್ತಿದರೆ ಜನ ಎರಡು ವಿಷಯ ಹೇಳುತ್ತಾರೆ. ಒಂದು ಅವಳು ಹಳೇ ಬಟ್ಟೆ ಪದರ ಪದರ ಪೇರಿಸಿ ಹೊಲಿಯುವ ಕೌದಿ, ಇನ್ನೊಂದು ಅವಳ ಕೆದಕುವ ಸ್ವಭಾವ. ಯಾವುದನ್ನೇ ಕಂಡರೂ ಅದರೊಳಗೆ ಏನಿದೆ ಎಂದು ನೋಡದೆ ಬಿಡುವ ಜೀವವಲ್ಲ ಅದು. ಮದುವೆಯಾಗಿ ಬಂದ ಹೊಸತರಲ್ಲಿ ಗಂಡ ಕರೀಮಸಾಬನ ರೇಡಿಯೊ ಬಿಚ್ಚಿ, ಮತ್ತೆ ಜೋಡಿಸಿ, ಒಂದು ಸ್ಕ್ರೂ ಕೈಯಲ್ಲೇ ಉಳಿಸಿಕೊಂಡಿದ್ದಳಂತೆ. ರೇಡಿಯೊ ಮೊದಲಿನ ಹಾಗೇ ಹಾಡಿತು. ಹಾಗಾದರೆ ಈ ಸ್ಕ್ರೂ ಯಾಕಿತ್ತು ಎಂಬ ಪ್ರಶ್ನೆ ಮಾತ್ರ ಅವಳನ್ನು ಬಹಳ ದಿನ ನಿದ್ದೆಗೆ ಬಿಡಲಿಲ್ಲ.

ಕೌದಿ ಅವಳ ಹೊಟ್ಟೆಪಾಡಲ್ಲ, ಖಯಾಲಿ. ಕರೀಮಸಾಬನ ತಾಡಪತ್ರಿ, ಗೋಣಿಚೀಲದ ಅಂಗಡಿ ಚೆನ್ನಾಗಿಯೇ ನಡೆಯುತ್ತದೆ. ಕೌದಿ ಮಾರುತ್ತೀರಾ ಎಂದು ಯಾರಾದರೂ ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಹೊಲಿಯುವಾಗ ಯಾರಿಗೆಂದು ಯೋಚಿಸಿದವಳೇ ಅಲ್ಲ. ಮುಗಿದ ಮೇಲೆ ಮನಸ್ಸಿಗೆ ಬಂದವರಿಗೆ ಕೊಟ್ಟುಬಿಡುವುದು, ಮರುದಿನದಿಂದ ಮತ್ತೆ ಹಳೇ ಸೀರೆ ಹುಡುಕಲು ಶುರು ಮಾಡುವುದು.

ಈ ಹುಚ್ಚಿಗೆ ಒಬ್ಬ ಜೊತೆಗಾತಿ ಇದ್ದಳು, ಹಿಂದಿನ ಓಣಿಯ ಗಂಗಾಬಾಯಿ. ಪಕ್ಕದ ಸರಸಂಬಾ ಊರಿನ ಹೆಣ್ಣು. ಶಮ್ಸುನ್ನಿಸಾಳಿಗಿಂತ ನಾಲ್ಕಾರು ವರ್ಷ ದೊಡ್ಡವಳು, ಮಾತಿನಲ್ಲಿ ಅವಳಿಗಿಂತ ಖಾರ. ಮಧ್ಯಾಹ್ನದ ಊಟ ಮುಗಿಸಿ, ಶಮ್ಸುನ್ನಿಸಾಳ ಮನೆಯ ಪರಸಿ ಕಲ್ಲು ಹಾಸಿದ ಅಂಗಳದಲ್ಲಿ ಇಬ್ಬರೂ ಬಟ್ಟೆ ಹರಡುತ್ತಿದ್ದರು. ಗಂಗಾಬಾಯಿಯ ಸವೆದ ಇಳಕಲ್ ಸೀರೆ, ಶಮ್ಸುನ್ನಿಸಾಳ ಬಣ್ಣ ಹೋದ ದುಪಟ್ಟಾ, ಕರೀಮಸಾಬನಿಗೆ ಹೇಳದೆ ಎತ್ತಿಕೊಂಡ ಅವನ ಲುಂಗಿ, ಎಲ್ಲ ಒಂದರ ಮೇಲೊಂದು. ಒಬ್ಬಳು ಈ ಅಂಚಿಗೆ, ಇನ್ನೊಬ್ಬಳು ಎದುರಿನ ಅಂಚಿಗೆ ಕೂತು, ಎಡ ಅಂಗೈಯಿಂದ ಸುಕ್ಕು ಸವರುತ್ತ, ಬಲಗೈಯಿಂದ ಸೂಜಿ ಓಡಿಸುತ್ತ, ಸುತ್ತು ಸುತ್ತಾಗಿ ಒಳಗೆ ಬರುತ್ತಿದ್ದರು. ವಾರಗಳು ಕಳೆದ ಹಾಗೆ ಇಬ್ಬರ ನಡುವಿನ ಅಂತರ ಕಡಿಮೆಯಾಗುತ್ತ, ನಟ್ಟನಡುವೆ ಮೊಣಕಾಲಿಗೆ ಮೊಣಕಾಲು ತಾಗುವಾಗ ಕೌದಿ ಮುಗಿಯುತ್ತಿತ್ತು.

ಆ ನಡುವಿನ ಜಾಗಕ್ಕೆ ಕೌದಿಯ ಹೊಟ್ಟೆ ಎಂದು ಹೆಸರು. ಅಂಗೈಯಷ್ಟು ಬಾಯಿ ಬಿಟ್ಟು, ಜೋಳದ ರೊಟ್ಟಿಯ ಚೂರು, ಒಂದು ಚಿಟಿಕೆ ಬೆಲ್ಲ ಒಳಗಿಟ್ಟು ಮುಚ್ಚುತ್ತಿದ್ದರು. ಹೊಟ್ಟೆ ಖಾಲಿ ಇಟ್ಟು ಮುಚ್ಚಿದ ಕೌದಿ ಹೊದ್ದವರಿಗೆ ಒಳ್ಳೆಯ ನಿದ್ದೆ ಬರುವುದಿಲ್ಲವೆಂದು ಇಬ್ಬರ ನಂಬಿಕೆ. ಅದರಲ್ಲೂ ಒಂದು ಕಟ್ಟಳೆ ಇತ್ತು. ಉಣಿಸುವುದು ಮನೆಯವಳ ಕೆಲಸವಲ್ಲ, ಎದುರಿಗೆ ಕೂತವಳ ಹಕ್ಕು. ಹಾಗಾಗಿ ಈ ಮನೆಯಲ್ಲಿ ಹುಟ್ಟಿದ ಕೌದಿಗಳಿಗೆಲ್ಲ ಉಣಿಸಿದವಳು ಗಂಗಾಬಾಯಿ.

ಈ ಸಲದ ಮಳೆಗಾಲದಲ್ಲಿ ಶಮ್ಸುನ್ನಿಸಾಳ ಬಲ ಹೆಬ್ಬೆರಳಿನ ಗಂಟು ಊದಿಕೊಂಡಿತು. ದಪ್ಪ ಬಟ್ಟೆಗೆ ಸೂಜಿ ಒತ್ತುವುದನ್ನು ಪೂರ್ತಿ ಬಿಡದಿದ್ದರೂ ಬಹಳ ಕಡಿಮೆ ಮಾಡಬೇಕು ಎಂದು ಕಲಬುರಗಿಯ ಡಾಕ್ಟರು ಹೇಳಿದರು. ಹಾಗಾದರೆ ಊಟವನ್ನಾದರೂ ಆ ಕೈಯಿಂದ ಮಾಡಬಹುದೋ ಎಂದು ಅವಳು ಕೇಳಿದ್ದು ಕುತೂಹಲಕ್ಕಲ್ಲ, ಸಿಟ್ಟಿಗೆ. ಮನೆಯಲ್ಲಿ ಮೋರೆ ಗಂಟಿಕ್ಕಿಕೊಂಡು ಕೂತವಳನ್ನು ನೋಡಲಾರದೆ ಕರೀಮಸಾಬ ತಾಡಪತ್ರಿ ಹೊಲಿಯುವವರ ಪರಿಚಯದಿಂದ ಒಂದು ಮೋಟಾರು ಹೊಲಿಗೆ ಮಷೀನು ತಂದು ಪಡಸಾಲೆಯಲ್ಲಿ ಇಟ್ಟ. ಅವಳು ಬೆಳಿಗ್ಗೆಯೆಲ್ಲ ಅದರ ಕಡೆ ತಿರುಗಿ ನೋಡಲಿಲ್ಲ. ಮಧ್ಯಾಹ್ನ ಸೊಸೆ ಜೀನತ ಶಾಲೆಯಿಂದ ಪಾಠ ಮುಗಿಸಿ ಬರುವಷ್ಟರಲ್ಲಿ ಮಷೀನನ್ನು ಮಗುಚಿ, ಕೆಳಗಿನ ತಗಡು ಬಿಚ್ಚಿ, ಹಲ್ಲು ಹೇಗೆ ಓಡುತ್ತವೆ ಎಂದು ನೋಡುತ್ತ ಕೂತಿದ್ದಳು.

ಮರುದಿನ ಎಂದಿನಂತೆ ಗಂಗಾಬಾಯಿ ಬಂದಳು. ಹೊಸ್ತಿಲಲ್ಲಿ ನಿಂತು ಮಷೀನಿನ ಗುರ್ರೆನ್ನುವ ಸದ್ದು ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

"ಇನ್ನ ಇಲ್ಲಿ ನಂದೇನು ಕೆಲಸ ಅದ, ಬಿಡು," ಎಂದಳು. ಚಹಾ ಕುಡಿಯದೆ ಹೋದಳು.

ಅಂದು ಹೋದವಳು ಮತ್ತೆ ಬರಲಿಲ್ಲ. ಜೀನತಳನ್ನು ಕಳಿಸಿದರೆ ಮೊಣಕಾಲು ನೋವು ಎಂದಳಂತೆ. ಅದೇ ಮೊಣಕಾಲು ಹೊತ್ತುಕೊಂಡು ಸಂತೆಗೆ ಹೋಗಿ ಕಾಯಿಪಲ್ಲೆ ತಂದದ್ದನ್ನು ಓಣಿಯೆಲ್ಲ ನೋಡಿತ್ತು. ಶಮ್ಸುನ್ನಿಸಾಳಿಗೆ ದಿಕ್ಕು ತೋಚದಂತಾಯಿತು. ಮಷೀನು ಬಿಟ್ಟರೆ ಕೌದಿ ಇಲ್ಲ, ಕೌದಿ ಇಲ್ಲದೆ ಗಂಗಾಬಾಯಿ ಇಲ್ಲ. ಮಷೀನು ಇಟ್ಟುಕೊಂಡರೂ ಗಂಗಾಬಾಯಿ ಇಲ್ಲ. ನಿಜ ಹೇಳಬೇಕೆಂದರೆ ಕೌದಿಗಿಂತ ಅವಳಿಗೆ ಬೇಕಾಗಿದ್ದದ್ದು ಎದುರಿಗೆ ಕೂತು ಊರವರ ಸುದ್ದಿ ಬಿಡಿಸುವ ಆ ಹೆಣ್ಣು. ಮಧ್ಯಾಹ್ನವಾದರೆ ಮನೆ ಖಾಲಿ ಖಾಲಿ ಎನಿಸುತ್ತಿತ್ತು.

ಕಡೆಗೆ ಒಂದು ಉಪಾಯ ಹೊಳೆಯಿತು. ಓಣಿಯವರು ನೋಡಲು ಬರುವಂಥ ಕೌದಿಯನ್ನು ಮಷೀನಿನಲ್ಲೇ ಹೊಲಿಯುವುದು. ಗಂಗಾಬಾಯಿಗೆ ಸಿಟ್ಟು ಎಷ್ಟೇ ಇರಲಿ, ನೋಡದೆ ಇರುವ ಶಕ್ತಿ ಅವಳಿಗಿಲ್ಲ. ಆ ವಿಷಯದಲ್ಲಿ ಇಬ್ಬರೂ ಒಂದೇ ಬಳ್ಳಿಯ ಕಾಯಿಗಳು.

ಒಬ್ಬಳೇ ಬಟ್ಟೆ ಹರಡಿದಳು. ಒಬ್ಬಳೇ ದೊಡ್ಡ ದೊಡ್ಡ ಹೊಲಿಗೆ ಹಾಕಿ ಪದರಗಳನ್ನು ಹಿಡಿದಿಟ್ಟಳು. ಆಮೇಲೆ, ಕೈಗೆ ಇಷ್ಟು ವರ್ಷ ಗೊತ್ತಿದ್ದ ದಾರಿಯಲ್ಲೇ, ಮೂಲೆಯಿಂದ ಶುರು ಮಾಡಿ ಅಂಚು ಹಿಡಿದು ಸುತ್ತು ಸುತ್ತಾಗಿ ಒಳಗೆ ಹೊರಟಳು. ಅಬ್ಬಾ, ಏನು ಓಟ ಅದು. ಕೈಗೆ ಒಂದು ವಾರ ಹಿಡಿಯುವ ಸುತ್ತು ಚಹಾ ಆರುವಷ್ಟರಲ್ಲಿ ಮುಗಿಯುತ್ತಿತ್ತು. ಖುಷಿಯಲ್ಲಿ ಅವಳಿಗೆ ಹೆಬ್ಬೆರಳಿನ ನೆನಪೂ ಆಗಲಿಲ್ಲ, ಗಂಗಾಬಾಯಿಯ ನೆನಪೂ ಸ್ವಲ್ಪ ಹೊತ್ತು ಆಗಲಿಲ್ಲ.

ನಡುವಿಗೆ ಬಂದಾಗ ಕೌದಿ ಎದ್ದು ಕೂತಿತು. ಹೆಂಚಿನ ಮೇಲೆ ಉಬ್ಬಿದ ರೊಟ್ಟಿಯ ಹಾಗೆ ನಟ್ಟನಡುವೆ ಒಂದು ಗುಡ್ಡ. ಕೈಯಿಂದ ತಟ್ಟಿದಳು, ಇಸ್ತ್ರಿ ತಿಕ್ಕಿದಳು, ಕೊನೆಗೆ ಅದರ ಮೇಲೆ ತಾನೇ ಕೂತಳು. ಎದ್ದ ತಕ್ಷಣ ಅದೂ ಎದ್ದಿತು. ಅಂಗಡಿಯಿಂದ ಬಂದ ಕರೀಮಸಾಬ ಅದನ್ನು ಎರಡೂ ಕಡೆಯಿಂದ ನೋಡಿ, ತಲೆದಿಂಬು ಒಳಗೇ ಇಟ್ಟು ಹೊಲಿದಿದ್ದೀಯಾ, ಒಳ್ಳೆಯದಾಯಿತು, ಬೇರೆ ಬೇಕಾಗಿಲ್ಲ ಎಂದ. ಆ ದಿನ ಅವನಿಗೆ ಊಟ ಬಡಿಸಿದ್ದು ಜೀನತ.

ಬಿಚ್ಚಲು ಹೋದರೆ ಅದೂ ಸುಲಭವಿರಲಿಲ್ಲ. ಕೈಹೊಲಿಗೆಯಾದರೆ ದಾರದ ತುದಿ ಹಿಡಿದು ಎಳೆದರೆ ಸಾಲಿಗೆ ಸಾಲೇ ಬಂದುಬಿಡುತ್ತದೆ. ಮಷೀನಿನ ಹೊಲಿಗೆ ಎರಡು ಕಡೆಯಿಂದ ಎರಡು ದಾರ ಹಲ್ಲು ಕಚ್ಚಿಕೊಂಡು ಕೂತ ಹಾಗೆ. ಬ್ಲೇಡು ಹಿಡಿದು ಒಂದೊಂದೇ ಕತ್ತರಿಸಿದರೆ ಹಳೇ ಸೀರೆಯಲ್ಲಿ ಸಾಲು ಸಾಲು ತೂತು. ಗಂಗಾಬಾಯಿಯ ಒಂದು ಹಸಿರು ಸೀರೆ ಅದರಲ್ಲಿ ಹರಿದೇ ಹೋಯಿತು. ಶಮ್ಸುನ್ನಿಸಾಳಿಗೆ ಅಳು ಬಂತು. ಆದರೆ ಅಳುವಿನ ನಡುವೆಯೂ ಒಂದು ಪ್ರಶ್ನೆ ತಲೆ ಎತ್ತಿತು: ಕೈಯಲ್ಲಿ ಹೊಲಿಯುವಾಗ ಏಳದ ಈ ಗುಡ್ಡ ಎಲ್ಲಿಂದ ಬಂತು?

ಮುಂದಿನ ನಾಲ್ಕಾರು ದಿನ ಅವಳು ಮನೆಗೆಲಸವನ್ನೆಲ್ಲ ಅರ್ಧಂಬರ್ಧ ಮಾಡಿದಳು. ಕರವಸ್ತ್ರದಷ್ಟು ತುಂಡುಗಳನ್ನು ಕತ್ತರಿಸಿ, ಮೇಲೆ ಕೆಂಪು, ಕೆಳಗೆ ಬಿಳಿ ಇಟ್ಟು ಹೊಲಿದು ನೋಡಿದಳು. ಕೆಳಗಿನ ಹಲ್ಲು ಬಿಳಿಯನ್ನು ಎಳೆದುಕೊಂಡು ಹೋಗುತ್ತಿತ್ತು, ಮೇಲಿನ ಪಾದ ಕೆಂಪನ್ನು ಮುಂದೆ ತಳ್ಳುತ್ತಿತ್ತು. ಪ್ರತಿ ಸಾಲಿನಲ್ಲೂ ಕೂದಲೆಳೆಯಷ್ಟು ಬಟ್ಟೆ ಮಿಕ್ಕಿ ಮುಂದಕ್ಕೆ ಸರಿಯುತ್ತಿತ್ತು. ಅಂಚಿನಿಂದ ಒಳಗೆ ಬಂದರೆ ಆ ಮಿಕ್ಕದ್ದೆಲ್ಲ ನಡುವೆ ಸಿಕ್ಕಿಬೀಳುತ್ತದೆ, ಹೋಗಲು ಬೇರೆ ದಾರಿ ಇಲ್ಲ. ಕೈಯಲ್ಲಿ ಹೊಲಿಯುವಾಗ ಎಡ ಅಂಗೈ ಅದನ್ನು ಸವರಿ ಸವರಿ ಅಲ್ಲಲ್ಲೇ ಹಂಚಿಬಿಡುತ್ತಿತ್ತು. ಅಂಗೈ ಇಷ್ಟು ವರ್ಷ ಅಂಥ ಒಂದು ಕೆಲಸ ಮಾಡುತ್ತಿತ್ತು ಎಂದು ಅವಳಿಗೇ ಗೊತ್ತಿರಲಿಲ್ಲ. ಅವಳು ತನ್ನ ಅಂಗೈಯನ್ನು ಸ್ವಲ್ಪ ಹೊತ್ತು ನೋಡಿಕೊಂಡಳು.

ಹಾಗಾದರೆ ತಿರುವಿ ಹಾಕಿದರೆ? ನಡುವಿನಿಂದ ಶುರು ಮಾಡಿ ಸುತ್ತುತ್ತ ಹೊರಗೆ ಹೋದಳು. ಮಿಕ್ಕ ಬಟ್ಟೆ ಅಂಚಿಗೆ ಹೋಗಿ ಹೊರಬಿತ್ತು. ತುಂಡು ಪರಸಿಯ ಮೇಲೆ ನೀಟಾಗಿ ಮಲಗಿತು. ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ. ಶಾಲೆಯ ಉತ್ತರ ಪತ್ರಿಕೆ ತಿದ್ದುತ್ತಿದ್ದ ಜೀನತಳನ್ನು ಎಬ್ಬಿಸಿ ಕರೆತಂದು ತೋರಿಸಿದಳು. ಜೀನತ ಚೆನ್ನಾಗಿದೆ ಎಂದು ಹೋದಳು. ಹೇಗೆ, ಯಾಕೆ ಎಂದು ಕೇಳಲಿಲ್ಲ. ಗಂಗಾಬಾಯಿ ಇದ್ದಿದ್ದರೆ ಸಂಜೆಯವರೆಗೆ ಕೇಳುತ್ತಿದ್ದಳು.

ಬೇರೆ ಹಳೇ ಬಟ್ಟೆ ಹರಡಿ, ನಡುವೆ ಸೂಜಿ ಇಳಿಸಬೇಕು ಎನ್ನುವಾಗ ಕೈ ನಿಂತಿತು. ನಡುವೆ ಎಂದರೆ ಹೊಟ್ಟೆ. ಕೊನೆಗೆ ಮುಚ್ಚಬೇಕಾದ ಹೊಟ್ಟೆಯನ್ನು ಮಷೀನು ಮೊದಲೇ ಮುಚ್ಚು ಎನ್ನುತ್ತಿತ್ತು. ಅಂದರೆ ಕೆಲಸ ಶುರುವಾಗುವ ಮೊದಲೇ ಉಣಿಸಬೇಕು. ಅಡಿಗೆಮನೆಗೆ ಹೋಗಿ ರೊಟ್ಟಿಯ ಚೂರು ಮುರಿದು ತಂದಳು. ತಾನೇ ಇಟ್ಟುಬಿಡಬಹುದಿತ್ತು, ಯಾರು ಕೇಳುತ್ತಾರೆ. ಆದರೆ ಅದು ಅವಳ ಹಕ್ಕಲ್ಲ. ಚೂರನ್ನು ಬಾಯಿಗೆ ಹಾಕಿಕೊಂಡು ದುಪಟ್ಟಾ ಹೊದ್ದು ಹಿಂದಿನ ಓಣಿಗೆ ನಡೆದಳು.

ಗಂಗಾಬಾಯಿ ಕಟ್ಟೆಯ ಮೇಲೆ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮುಖ ಬೀದಿಯ ಕಡೆ, ಬೆರಳು ಬೇಳೆಯೊಳಗೆ. ಕಲ್ಲು ಸಿಕ್ಕರೆ ಬೆರಳಿಗೇ ತಿಳಿದು ಹೊರಗೆ ಹೋಗುತ್ತಿತ್ತು. ಶಮ್ಸುನ್ನಿಸಾ ಅದನ್ನು ನೋಡಿದಳು, ಆದರೆ ಆ ಹೊತ್ತಿಗೆ ಅವಳಿಗೆ ತನ್ನ ಮಾತಿನದೇ ಗಡಿಬಿಡಿ.

"ಗಂಗಕ್ಕ, ಕೌದಿಗಿ ಉಣಿಸಬೇಕಾಗ್ಯಾದ. ಬಾ."

"ಇಷ್ಟ ಲಗೂ ಮುಗೀತಾ?"

"ಮುಗಿಯೋದೆಲ್ಲಿ, ಇನ್ನಾ ಸುರೂನೇ ಆಗಿಲ್ಲ."

ಮೊರದೊಳಗಿನ ಬೆರಳು ನಿಂತವು. "ಸುರೂ ಆಗದ ಕೌದಿಗಿ ಹೊಟ್ಟಿ ಎಲ್ಲಿಂದ ಬಂತ ಬೇ?"

ಅಷ್ಟು ಸಾಕಾಗಿತ್ತು. ಶಮ್ಸುನ್ನಿಸಾ ಕಟ್ಟೆಯ ಮೇಲೆ ಕೂತು ಗುಡ್ಡದ ಕತೆ, ಕೆಂಪು ಬಿಳಿ ತುಂಡಿನ ಕತೆ, ಅಂಗೈಯ ಕತೆ ಎಲ್ಲ ಹೇಳಿದಳು. ಹಸಿರು ಸೀರೆ ಹರಿದದ್ದನ್ನೂ ಹೇಳಿದಳು. ಗಂಗಾಬಾಯಿ ನಡುನಡುವೆ ಪ್ರಶ್ನೆ ಹಾಕಿದಳು, ಕರೀಮಸಾಬನ ದಿಂಬಿನ ಮಾತಿಗೆ ಸೆರಗು ಬಾಯಿಗಿಟ್ಟು ನಕ್ಕಳು. ಉಣಿಸಿ ಬಂದುಬಿಡುತ್ತೇನೆ, ಕೂರುವುದಿಲ್ಲ ಎಂದು ಕರಾರು ಮಾಡಿ, ತನ್ನ ಮನೆಯ ರೊಟ್ಟಿ, ಬೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು.

ಹೇಳಿದ ಹಾಗೇ ಮಾಡಿದಳು. ಬಟ್ಟೆಯ ನಡುವೆ ಕೈಯಾಡಿಸಿ ಜಾಗ ಹುಡುಕಿ, ಪದರದೊಳಗೆ ರೊಟ್ಟಿ ಬೆಲ್ಲ ಇಟ್ಟು, ಹೊಟ್ಟೆಯನ್ನು ಎರಡು ಸಲ ತಟ್ಟಿ, ಚಪ್ಪಲಿ ಮೆಟ್ಟಲು ಹೊರಟಳು. ಶಮ್ಸುನ್ನಿಸಾ ಮಷೀನಿಗೆ ಹೋಗಿ ಕೂತು ಪೆಡಲು ಒತ್ತಿದಳು. ಒಂದು ಗೇಣು ಹೊಲಿಗೆ ಓಡಿರಬಹುದು. ಇಷ್ಟು ದೊಡ್ಡ ಕೌದಿಯ ಅರ್ಧ ಭಾರ ಮೇಜಿನ ಆಚೆ ಜಾರಿ ನೆಲಕ್ಕೆ ಇಳಿಯಿತು. ಬಟ್ಟೆ ಎಳೆದುಕೊಂಡಿತು, ಸೂಜಿ ಬಾಗಿ ಟಕ್ಕೆಂದು ಮುರಿಯಿತು.

ಹೊಸ ಸೂಜಿ ಹಾಕಿ ಮತ್ತೆ ಒತ್ತಿದಳು. ಮತ್ತೆ ಜಾರಿತು, ಆದರೆ ಈ ಸಲ ನೆಲ ಮುಟ್ಟಲಿಲ್ಲ. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದ ಗಂಗಾಬಾಯಿ ತಿರುಗಿ ಬಂದು ಆಚೆ ಬದಿಯನ್ನು ಎರಡೂ ಕೈಯಿಂದ ಎತ್ತಿ ಹಿಡಿದಿದ್ದಳು. ಹಿಂಗ ಮಾಡಿದರೆ ನನ್ನ ಇನ್ನೊಂದು ಸೀರೆಯೂ ಹರಿಯುತ್ತದೆ ಎಂದು ಬೈದಳು. ಭಾರ ಇಳಿದದ್ದೇ ತಡ, ಬಟ್ಟೆ ಗೆರೆ ಎಳೆದ ಹಾಗೆ ನೇರ ಓಡಿತು. ಗಂಗಾಬಾಯಿ ಸ್ವಲ್ಪ ಹೊತ್ತು ನಿಂತಳು, ಆಮೇಲೆ ಸ್ಟೂಲು ಎಳೆದುಕೊಂಡು ಕೂತಳು, ಆಮೇಲೆ ಇನ್ನೊಂದು ಚಪ್ಪಲಿಯನ್ನೂ ಬಿಟ್ಟಳು. ಸಂಜೆ ಚಹಾ ಎರಡು ಸಲ ಆಯಿತು.

ಮರುದಿನವೂ ಬಂದಳು, ಅದರ ಮರುದಿನವೂ. ಮಷೀನಿನ ಸುತ್ತುಗಳು ನಡುವಿನಿಂದ ಹೊರಗೆ ಬಿಚ್ಚಿಕೊಳ್ಳುತ್ತ ಹೋದವು. ಶಮ್ಸುನ್ನಿಸಾ ಬೇಕೆಂದೇ ಸುತ್ತಿನಿಂದ ಸುತ್ತಿಗೆ ಮೂರು ಬೆರಳು ಅಂತರ ಬಿಟ್ಟಿದ್ದಳು. ಕೌದಿಗೆ ಗಟ್ಟಿತನ ಮಷೀನು ಕೊಡಲಿ, ನಡುನಡುವಿನ ಸಾಲು ಕೈಯಲ್ಲಾಗಲಿ ಎಂದು ಅವಳ ಲೆಕ್ಕ. ಕೈಹೊಲಿಗೆ ಇಲ್ಲದ ಕೌದಿ ಮೈಗೆ ತಾಡಪತ್ರಿಯ ಹಾಗೆ ಗಡಸು, ಅದನ್ನೂ ಅವಳು ತುಂಡುಗಳಲ್ಲಿ ಮುಟ್ಟಿ ನೋಡಿ ಕಂಡುಕೊಂಡಿದ್ದಳು. ಈ ಹೆಬ್ಬೆರಳು ದಿನಕ್ಕೆ ಒಂದು ಗೇಣು ತಡೆದೀತು. ಉಳಿದದ್ದಕ್ಕೆ ಗಂಗಾಬಾಯಿ ಇದ್ದಾಳೆ. ಇನ್ನಿಲ್ಲಿ ನನಗೇನು ಕೆಲಸ ಎಂದು ಹೋದವಳಿಗೆ ಇದಕ್ಕಿಂತ ದೊಡ್ಡ ಉತ್ತರ ಯಾವುದು?

ಹಾಗೆಂದುಕೊಂಡು, ಅಂಚಿನ ಸುತ್ತುಗಳು ಇನ್ನೂ ಬಾಕಿ ಇರುವಾಗಲೇ, ಕೌದಿಯನ್ನು ಅಂಗಳದ ಪರಸಿಗೆ ಹರಡಿ, ಸೂಜಿ ದಾರ ತಂದು ಮುಂದಿಟ್ಟಳು. ಗಂಗಾಬಾಯಿ ಕೈ ಚಾಚಲಿಲ್ಲ. ಮಷೀನಿನಲ್ಲೇ ಮುಗಿಸಿಬಿಡು, ಚೆನ್ನಾಗೇ ಬರುತ್ತಿದೆಯಲ್ಲ ಎಂದಳು. ನನಗೆ ಹಿಡಿಯುವ ಕೆಲಸವೇ ಸಾಕು ಎಂದಳು. ಹೊತ್ತಾಯಿತು, ಹಾಲಿನವನು ಬರುತ್ತಾನೆ ಎಂದೂ ಹೇಳಿದಳು. ಹಾಲಿನವನು ಬರುವುದು ಬೆಳಿಗ್ಗೆ.

ಶಮ್ಸುನ್ನಿಸಾಳ ಕೆದಕುವ ಬುದ್ಧಿ ಎಚ್ಚೆತ್ತಿತು. ಮಷೀನು ಕೈಕೆಲಸ ಕಿತ್ತುಕೊಂಡಿತೆಂದು ಸಿಟ್ಟಾದವಳು, ಕೈಕೆಲಸ ಕೊಟ್ಟರೆ ಯಾಕೆ ಒಲ್ಲೆ ಎನ್ನುತ್ತಾಳೆ? ಅವಳು ಒಳಗೆ ಹೋದಳು. ಹೋದ ವರ್ಷ ಇಬ್ಬರೂ ಹೊಲಿದ ಕೌದಿ ಇನ್ನೂ ಟ್ರಂಕಿನಲ್ಲೇ ಇತ್ತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ತನ್ನ ಬದಿಯ ಸಾಲು ಸರಿಯಾಗಿತ್ತು. ಎದುರಿನ ಬದಿ, ಊರಿಗೇ ನೇರ ಹೊಲಿಗೆ ಎಂದು ಹೆಸರಾದ ಗಂಗಾಬಾಯಿಯ ಬದಿ, ದಾರಿ ತಪ್ಪಿತ್ತು. ಸಾಲಿನ ಮೇಲೆ ಸಾಲು ಹತ್ತಿತ್ತು, ಕೆಲವು ಕಡೆ ಬೆರಳಗಲ ಖಾಲಿ ಬಿದ್ದಿತ್ತು. ಇಷ್ಟು ಹತ್ತಿರ ಕೂತು ಹೊಲಿದವಳು ತಾನು, ಒಂದು ದಿನವೂ ಆಚೆ ಬದಿ ನೋಡಿರಲಿಲ್ಲ. ರೇಡಿಯೊದ ಹೊಟ್ಟೆ ನೋಡಿದ್ದಳು, ಮಷೀನಿನ ಹೊಟ್ಟೆ ನೋಡಿದ್ದಳು.

ಹೊರಗೆ ಬಂದು ಎದುರಿಗೆ ಕೂತಳು.

"ಗಂಗಕ್ಕ, ಕಣ್ಣ ಯಾವಾಗಿಂದ ಕಾಣವಲ್ಲವು?"

ಗಂಗಾಬಾಯಿ ಕೌದಿಯ ಮೇಲೆ ಕೈಯಿಟ್ಟಳು.

"ವರ್ಷದ ಮ್ಯಾಲಾತು. ಪೊರಿ ಬಂದದಂತ. ನಿನ್ನ ಮಾರಿ ಮಬ್ಬ ಮಬ್ಬ ಕಾಣತದ, ಸೂಜಿ ತುದಿ ಕಾಣಂಗಿಲ್ಲ," ಎಂದಳು. "ಹೇಳಿದ್ರ ಹೊಲೀಬ್ಯಾಡ ಅಂತಿದ್ದಿ. ಹೊಲಿಗಿ ಇಲ್ಲಂದ್ರ ದಿನಾ ನಿನ್ನ ಮನಿಗಿ ಬಂದು ಸುಮ್ಮ ಕೂಡಲೇನು? ಅಷ್ಟರಾಗ ನಿನ್ನ ಮಿಷಿನ್ ಬಂತು. ಕಣ್ಣ ಹೋಗ್ಯಾವ ಅಂತ ಹೇಳಿ ಹೋಗೋದಕ್ಕಿಂತ ಸಿಟ್ಟು ಮಾಡಿ ಎದ್ದು ಹೋಗೋದು ಹಗೂರ ಇತ್ತು."

ಶಮ್ಸುನ್ನಿಸಾಳಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ದಿನ ತನ್ನನ್ನೂ ಬೈದುಕೊಂಡಿದ್ದಳು, ಮಷೀನನ್ನೂ ಬೈದಿದ್ದಳು, ಗಂಡನನ್ನಂತೂ ಕೇಳುವುದೇ ಬೇಡ. ಸಿಟ್ಟಿನ ಹಿಂದೆಯೇ ಕಣ್ಣೀರು ಬಂತು, ಅದನ್ನು ಅವಳು ಒರೆಸಿಕೊಳ್ಳಲಿಲ್ಲ. ಆಪರೇಷನ್ ಮಾಡಿಸಲು ಏನು ಧಾಡಿ ಎಂದು ಗದರಿದಳು. ಮಗ ಗುರುಲಿಂಗ ತೊಗರಿ ರಾಶಿ ಮುಗಿದ ಮೇಲೆ ಕರೆದುಕೊಂಡು ಹೋಗುತ್ತಾನೆ ಎಂದು ಗಂಗಾಬಾಯಿ ಹೇಳಿದಳು. ಕಣ್ಣಿಗೆ ಕತ್ತರಿ ಹಾಕುತ್ತಾರೆಂದರೆ ತನಗೆ ಹೆದರಿಕೆ ಎಂದೂ ಒಪ್ಪಿಕೊಂಡಳು. ತಾನೂ ಜೊತೆಗೆ ಬರುತ್ತೇನೆ, ಹೇಗೆ ಮಾಡುತ್ತಾರೆ ನೋಡಬೇಕು ಎಂದಳು ಶಮ್ಸುನ್ನಿಸಾ. ಅದೊಂದು ಮಾತಿಗೆ ಇಬ್ಬರಿಗೂ ನಗು ಬಂತು.

ಇಷ್ಟೆಲ್ಲ ಆಗುವಾಗ ಗಂಗಾಬಾಯಿಯ ಎಡಗೈಯ ತೋರುಬೆರಳು ಕೌದಿಯ ಮೇಲೆ ತನ್ನ ಪಾಡಿಗೆ ಓಡಾಡುತ್ತಿತ್ತು. ಒಮ್ಮೆಲೇ ಅದು ನಿಂತಿತು, ಹಿಂದೆ ಹೋಯಿತು, ಮತ್ತೆ ಮುಂದೆ ಬಂತು.

"ಇದೇನಿದು?" ಎಂದಳು. "ಬೆರಳಿಗಿ ಹತ್ತತದಲ್ಲ."

ಮಷೀನಿನ ಹೊಲಿಗೆ ಅದು. ಬಿಗಿಯಾದ ದಾರ ಪದರಗಳನ್ನೆಲ್ಲ ಕೆಳಕ್ಕೆ ಎಳೆದು, ಹೊಲದ ಸಾಲಿನ ಹಾಗೆ ಒಂದು ತಗ್ಗು ಮಾಡಿತ್ತು. ಕೈಹೊಲಿಗೆ ಇಷ್ಟು ಆಳಕ್ಕೆ ಎಂದೂ ಇಳಿಯುವುದಿಲ್ಲ. ಗಂಗಾಬಾಯಿ ಆ ತಗ್ಗಿನಲ್ಲಿ ಬೆರಳಿಟ್ಟುಕೊಂಡು ಮೂಲೆಯವರೆಗೆ ಹೋದಳು, ಅಲ್ಲಿ ತಿರುಗಿದಳು, ಎಲ್ಲೂ ತಪ್ಪಲಿಲ್ಲ. ಆಮೇಲೆ ಬಲಗೈ ಚಾಚಿದಳು.

ಶಮ್ಸುನ್ನಿಸಾ ಸೂಜಿಗೆ ದಾರ ಪೋಣಿಸಿ ಆ ಕೈಗೆ ಕೊಟ್ಟಳು. ಎಡ ಬೆರಳು ತಗ್ಗಿನಲ್ಲಿ ಮುಂದೆ ಹೋಗುವುದು, ಅದರ ಪಕ್ಕದಲ್ಲೇ ಸೂಜಿ ಇಳಿಯುವುದು, ಏಳುವುದು. ಮೊದಲ ನಾಲ್ಕು ಹೊಲಿಗೆ ಅಳುಕುತ್ತ ಬಿದ್ದವು. ಐದನೆಯದಕ್ಕೆ ಕೈಗೆ ಹಳೆಯ ಓಟ ಬಂತು. ಗಂಗಾಬಾಯಿಯ ಮುಖ ಬೀದಿಯ ಕಡೆ ತಿರುಗಿತ್ತು, ಬಾಯಿ ಆಗಲೇ ಯಾರದೋ ಮನೆಯ ಬೀಗತನದ ಸುದ್ದಿ ಶುರು ಮಾಡಿತ್ತು. ಹೊಲಿಗೆ ಮಾತ್ರ ತಪ್ಪದೆ ಸಾಲು ಹಿಡಿದು ಹೋಗುತ್ತಿತ್ತು. ಶಮ್ಸುನ್ನಿಸಾ ಸುದ್ದಿಯಲ್ಲಿ ಅರ್ಧ ಕೇಳಿಸಿಕೊಂಡಳೋ ಇಲ್ಲವೋ. ಆ ಕೈಯಿಂದ ಕಣ್ಣು ಕೀಳಲು ಅವಳಿಗೆ ಆಗಲಿಲ್ಲ.

ಇನ್ನೂ ಮಷೀನು ಓಡದ ಅಂಚಿನ ಹತ್ತಿರ ಬಂದಾಗ, ಹಿಡಿದು ಹೋಗಲು ತಗ್ಗಿಲ್ಲದೆ ಬೆರಳು ತಡವರಿಸಿತು. ಗಂಗಾಬಾಯಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿ, ಎರಡೂ ಕೈಯಿಂದ ಕೌದಿಯ ತನ್ನ ಬದಿಯನ್ನು ಎತ್ತಿ ಹಿಡಿದಳು.

"ಏಳ ಬೇ, ಮಿಷಿನ್ ಹಚ್ಚು," ಎಂದಳು. "ನನ್ನ ಸಾಲು ಮುಗೀತು."